ರುದ್ರಭೀಮನನ್ನು ಬರೆಯಲು ಹೊರಟ ತಮ್ಮನ ಮಗನಿಗೆ ಕೆಲವು ಕಿವಿಮಾತು

ಮಗಾ,

ಕಳೆದ ಆದಿತ್ಯವಾರ ನೀನು ನೆರೂಳಿನಿಂದ ತಂದುಕೊಟ್ಟ ನಿನ್ನ ಕಾಮಿಕ್ಸಿನ ಐದೂ ಸಂಚಿಕೆಗಳನ್ನು ಎರಡೆರಡು ಸಲ ಓದಿದೆ. ಚಿತ್ರ ಬಹಳ ಚೆಂದ ಬಂದಿದೆ. ಪಾರ್ಸಿಕ್ ಸುರಂಗದ ಕತ್ತಲೆಯನ್ನು ಬರೇ ಮಸಿಯಲ್ಲಿ ತಂದ ಪುಟವನ್ನು ನಿನ್ನ ದೊಡ್ಡಮ್ಮನಿಗೂ ತೋರಿಸಿದೆ. ತೊಂದರೆ ಇರುವುದು ಕತೆಯಲ್ಲಿ. ಮೂರನೆಯ ಸಂಚಿಕೆಯಲ್ಲಿ ನಿನ್ನ ನಾಯಕ ಮುಂಬ್ರಾದ ಹತ್ತಿರ ಹಳಿ ತಪ್ಪಿದ ಲೋಕಲಿನ ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸುತ್ತಾನೆ. ಐದನೆಯದರಲ್ಲಿ ಡೊಂಬಿವಲಿಯ ಫಡಕೆ ರೋಡಿನಲ್ಲಿ ನಾಲ್ಕು ಮಂದಿ ಪುಂಡರು ಅವನನ್ನು ಹಗ್ಗದಿಂದ ಕಟ್ಟಿಹಾಕುತ್ತಾರೆ. ಎರಡನೆಯದರಲ್ಲಿ ಅವನ ತಲೆಯೊಳಗೆ ಕೇಳುವುದು ತೀರಿಹೋದ ತಮ್ಮನ ಧ್ವನಿ. ನಾಲ್ಕನೆಯದರಲ್ಲಿ ಅದು ಯಾರದೋ ಆಗುತ್ತದೆ, ಐದನೆಯದರಲ್ಲಿ ಧ್ವನಿಯೇ ಇಲ್ಲ. ಓದುವವನಿಗೆ ಇವನು ಒಬ್ಬನೇ ಮನುಷ್ಯ ಅಂತ ಅನಿಸುವುದಿಲ್ಲ.

ನಾನು ಕಾಮಿಕ್ಸ್ ಬರೆದವನಲ್ಲ. ಡೊಂಬಿವಲಿ, ಕಲ್ಯಾಣ್, ಥಾಣೆ ಕಡೆಯ ತಾಳಮದ್ದಳೆಗಳಲ್ಲಿ ಮೂವತ್ತು ವರ್ಷ ಅರ್ಥ ಹೇಳಿದ್ದೇನೆ, ಕೈಗೆ ಸಿಕ್ಕಿದ ಕಾಮಿಕ್ಸನ್ನೆಲ್ಲ ಓದಿದ್ದೇನೆ. ಅಳತೆ ಮೀರಿದ ಬಲ, ಹತೋಟಿ ಮೀರುವ ಮನಸ್ಸು, ಎರಡೂ ಒಬ್ಬನಲ್ಲೇ ಇರುವವರನ್ನು ನಮ್ಮ ಯಕ್ಷಗಾನ ಪ್ರಸಂಗಗಳು ಎಷ್ಟೋ ಕಾಲದಿಂದ ರಂಗದ ಮೇಲೆ ತಂದಿವೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

• ಅವನು ಏನೇನು ಮಾಡಬಲ್ಲ ಎಂಬ ಪಟ್ಟಿ ನಿನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ. ಅದನ್ನು ಹಿಂದಿನ ಪುಟಕ್ಕೆ ಕಳಿಸು. ಮೊದಲ ಪುಟದಲ್ಲಿ, ಅವನು ಏನನ್ನು ತಡೆದುಕೊಳ್ಳಲಾರ ಎಂದು ಬರೆ. ಬಲ ಎಷ್ಟೇ ಇರಲಿ, ಓದುವವನು ನಂಬುತ್ತಾನೆ. ಮನಸ್ಸು ಕಾರಣವಿಲ್ಲದೆ ಪುಟಕ್ಕೊಂದು ಥರ ಆದರೆ ನಂಬುವುದಿಲ್ಲ. ಭೀಮನನ್ನೇ ನೋಡು. ಅವನ ಸಿಟ್ಟಿಗೆ ಊರುಂಟು, ದಿನವುಂಟು. ದ್ಯೂತದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈಹಾಕಿದವನು ದುಶ್ಶಾಸನ, ತೊಡೆ ತೋರಿಸಿದವನು ದುರ್ಯೋಧನ. ಅಲ್ಲಿಂದ ಹದಿಮೂರು ವರ್ಷ ಆ ಸಿಟ್ಟು ಅವನ ಜೊತೆ ಕಾಡು ಸುತ್ತಿದೆ, ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದಿದೆ. ಕೀಚಕ ದ್ರೌಪದಿಯ ಮೇಲೆ ಕಣ್ಣು ಹಾಕಿದಾಗ ಅಜ್ಞಾತವಾಸ ಬಯಲಾಗುವ ಅಪಾಯ ಇದ್ದರೂ ಅವನಿಗೆ ತಡೆಯಲಾಗಲಿಲ್ಲ. ಯುದ್ಧದ ಹದಿನೇಳನೆಯ ದಿನ ದುಶ್ಶಾಸನನ ಎದೆ ಬಗೆಯುವಾಗಲೂ ಅದೇ ಗಾಯ. ಉಳಿದ ಎಷ್ಟೋ ಅವಮಾನಗಳನ್ನು ಅಣ್ಣ ಬೇಡ ಎಂದದ್ದಕ್ಕೆ ನುಂಗಿಕೊಂಡವನು ಇದೊಂದನ್ನು ನುಂಗಲಾರ. ಇಷ್ಟು ಗೊತ್ತಿದ್ದರೆ ಭೀಮ ಎಲ್ಲಿ ಸಿಡಿಯುತ್ತಾನೆ, ಎಲ್ಲಿ ಹಲ್ಲು ಕಚ್ಚಿ ಕೂರುತ್ತಾನೆ ಎಂದು ಯಾವ ಅರ್ಥಧಾರಿಯೂ ಹೇಳಬಲ್ಲ. ನಿನ್ನವನಿಗೆ ಅಂಥ ಒಂದು ಗಾಯ ಯಾವುದು? ತಮ್ಮ ತೀರಿಹೋದ ದಿನ ಏನಾಯಿತು, ಇವನು ಎಲ್ಲಿದ್ದ, ಏನು ಮಾಡಲಿಲ್ಲ? ಇದು ಓದುಗನಿಗೆ ಹತ್ತನೆಯ ಸಂಚಿಕೆಯಲ್ಲಿ ತಿಳಿದರೂ ಸಾಕು. ನಿನಗೆ ಮಾತ್ರ ಇವತ್ತೇ ತಿಳಿದಿರಬೇಕು.

• ಕೋಪ ಬಂದಾಗ ಅವನ ರೂಪ ಬದಲಾಗುತ್ತದೆ ಎಂದು ಬರೆದಿದ್ದೀಯ. ಆದರೆ ಬದಲಾದ ಮೇಲೂ ಹುಬ್ಬು ಗಂಟಿಕ್ಕಿದ ಅದೇ ಹುಡುಗನನ್ನು ಬಿಡಿಸಿದ್ದೀಯ. ತೆಂಕುತಿಟ್ಟಿನಲ್ಲಿ ದುಶ್ಶಾಸನ ವಧೆ ನೋಡಿದ್ದೀಯಲ್ಲ? ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಈ ಕಡೆ ಬರುವಾಗ, ಚಿಕ್ಕವನಿದ್ದ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ. ಮೊದಲು ಬಂದ ಭೀಮ ಕೊನೆಗೆ ಬರುವುದಿಲ್ಲ. ಕೊನೆಗೆ ಬರುವವನು ರುದ್ರಭೀಮ, ಅದು ಬಣ್ಣದ ವೇಷ. ರಾಕ್ಷಸರಿಗೆ ಮೀಸಲಾದ ಆ ಬಣ್ಣಗಾರಿಕೆ, ಆ ಅಬ್ಬರ, ಆ ಆರ್ಭಟ ಒಬ್ಬ ಪಾಂಡವನ ಮೈಮೇಲೆ. ಎಷ್ಟೋ ಸಲ ಕಲಾವಿದನೂ ಬೇರೆಯವನೇ. ಹಾಗಿದ್ದೂ ಸಭೆಯಲ್ಲಿ ಕೂತ ಮಗುವಿಗೂ ಇವನು ಅದೇ ಭೀಮ ಎಂಬುದರಲ್ಲಿ ಅನುಮಾನ ಬರುವುದಿಲ್ಲ. ಯಾಕೆಂದರೆ ಹಿಂದೆ ಆಡಿದ ಶಪಥ ಅವನ ಬಾಯಲ್ಲಿದೆ. ವೇಷ ಪೂರ್ತಿ ಬದಲಾಗಲಿ, ಶಪಥ ಒಂದೇ ಇರಲಿ. ಅಷ್ಟೇ ಮುಖ್ಯ ಇನ್ನೊಂದು: ಮುಖಕ್ಕೆ ಒಮ್ಮೆ ಇಟ್ಟ ಚುಟ್ಟಿ ಆ ರಾತ್ರಿಯಲ್ಲಿ ಬದಲಾಗುವುದಿಲ್ಲ. ರೂಪ ಬದಲಾದ ಮೇಲೆ ಅವನ ಕಣ್ಣು, ಭುಜ, ನೆರಳು, ಮಾತಿನ ಬಲೂನಿನ ಅಂಚು ಹೇಗಿರುತ್ತವೆ ಎಂದು ಒಂದು ಹಾಳೆಯಲ್ಲಿ ಬಿಡಿಸಿ ಗೋಡೆಗೆ ಅಂಟಿಸು. ಪ್ರತಿ ಸಲವೂ ಅದನ್ನು ನೋಡಿಯೇ ಬಿಡಿಸು.

• ತಾಳಮದ್ದಳೆಯಲ್ಲಿ ಪದ್ಯ ನಿಶ್ಚಿತ, ಅರ್ಥ ಆಶುವಾಗಿ. ಒಂದೇ ಕರ್ಣಪರ್ವದ ಕರ್ಣನನ್ನು ಒಬ್ಬರು ಕರುಣೆಯಿಂದ ಕಟ್ಟುತ್ತಾರೆ, ಇನ್ನೊಬ್ಬರು ಅಭಿಮಾನದಿಂದ. ಪದ್ಯದ ಆವರಣ ದಾಟಿ ಯಾರೂ ಹೋಗುವಂತಿಲ್ಲ, ದಾಟಿದರೆ ಎದುರು ಕೂತ ಅರ್ಥಧಾರಿಯೇ ಹಿಡಿಯುತ್ತಾನೆ. ನಿನ್ನ ಗೆಳೆಯನೂ ಈ ಕತೆಗೆ ಸಂಭಾಷಣೆ ಬರೆಯುತ್ತಾನೆ ಅಂದೆಯಲ್ಲ, ಹಾಗಾದರೆ ನಿಮ್ಮಿಬ್ಬರಿಗೂ ಪದ್ಯದಂಥ ಒಂದು ಪುಟ ಬೇಕು. ಬದಲಾಯಿಸಲೇ ಬಾರದ ಏಳೆಂಟು ಸಾಲು. ಉಳಿದದ್ದೆಲ್ಲ ಅರ್ಥಗಾರಿಕೆ, ಅಲ್ಲಿ ಸ್ವತಂತ್ರವಾಗಿರಿ.

• ಅಮೆರಿಕದವರು ಈ ಪಾಠವನ್ನು ಬಹಳ ವರ್ಷ ತೆಗೆದುಕೊಂಡು ಕಲಿತರು. 1962ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಸೇರಿ ಹಲ್ಕ್‌ನನ್ನು ತಂದಾಗ ಅವನಿಗೆ ಬಲ ಇತ್ತು, ಸಿಟ್ಟಿತ್ತು. ಶುರುವಿನ ಸಂಚಿಕೆಗಳಲ್ಲಿ ರಾತ್ರಿಯಾದರೆ ಬದಲಾಗುತ್ತಿದ್ದ, ಆಮೇಲೆ ಉದ್ವೇಗಕ್ಕೆ ಬದಲಾಗತೊಡಗಿದ. ಬಣ್ಣವೂ ಮೊದಲು ಬೂದಿ, ನಂತರ ಹಸಿರು. ಆ ಸಿಟ್ಟು ಎಲ್ಲಿಂದ ಬಂತು ಎಂಬುದಕ್ಕೆ ಗಟ್ಟಿಯಾದ ಉತ್ತರ ಸಿಕ್ಕಿದ್ದು 1985ರಲ್ಲಿ. ಬ್ರೂಸ್ ಬ್ಯಾನರ್ ಚಿಕ್ಕವನಿದ್ದಾಗ ತಂದೆ ಹೊಡೆಯುತ್ತಿದ್ದ ಎಂದು ಬಿಲ್ ಮ್ಯಾಂಟ್ಲೊ ಬರೆದರು. ಗಾಮಾ ಕಿರಣ ಕೊಟ್ಟದ್ದು ಬಲ ಮಾತ್ರ, ಒಡೆದ ಮನಸ್ಸು ಅದಕ್ಕೂ ಮೊದಲೇ ಇತ್ತು ಎಂದಾಯಿತು. ಆಮೇಲೆ ಬಂದ ಪೀಟರ್ ಡೇವಿಡ್ ಅದೇ ಎಳೆಯನ್ನು ಹಿಡಿದು ಹನ್ನೊಂದು ವರ್ಷದ ಹತ್ತಿರ ಬರೆದರು. ಬೂದಿ ಹಲ್ಕ್ ಯಾಕೆ ಕುತಂತ್ರಿ, ಹಸಿರು ಹಲ್ಕ್ ಯಾಕೆ ಮಗುವಿನಂತೆ ಮಾತಾಡುತ್ತಾನೆ ಎಂಬುದಕ್ಕೆಲ್ಲ ಆ ಮನೆಯಲ್ಲಿ ಉತ್ತರ ಇತ್ತು. ಹಿಂದಿನವರು ಮಾಡಿದ ಹೊಂದಾಣಿಕೆಯಿಲ್ಲದ ಬದಲಾವಣೆಗಳೇ ಒಬ್ಬ ಮನುಷ್ಯನ ಬೇರೆ ಬೇರೆ ತುಣುಕುಗಳಾಗಿ ಅರ್ಥ ಪಡೆದವು. ನಿನಗೂ ಆಗಿಹೋದ ಐದು ಸಂಚಿಕೆಗಳನ್ನು ಸುಡಬೇಕಾಗಿಲ್ಲ. ಗಾಯ ಯಾವುದೆಂದು ಗೊತ್ತಾದರೆ ಹಳೆಯ ತಪ್ಪುಗಳಿಗೂ ಒಂದು ಕಾರಣ ಹುಡುಕಬಹುದು.

• ಬಲ ಜಾಸ್ತಿಯಾಯಿತು, ಎದುರಾಳಿಯೇ ಇಲ್ಲ ಎಂದು ಹೆದರಿ ಅವನ ಬಲವನ್ನು ಕದ್ದು ಕಡಿಮೆ ಮಾಡಬೇಡ. ಸೂಪರ್‌ಮ್ಯಾನ್ 1938ರಲ್ಲಿ ಬಂದ. ಅವನನ್ನು ನೆಲಕ್ಕೆ ಕೆಡವುವ ಕ್ರಿಪ್ಟೊನೈಟ್ ಕಲ್ಲು ಬಂದದ್ದು 1943ರಲ್ಲಿ, ಅದೂ ರೇಡಿಯೊ ನಾಟಕದ ಮೂಲಕ. ಕಲ್ಲು ಹೊರಗಿನ ಉಪಾಯ. ನಮ್ಮವರ ಉಪಾಯಗಳು ಪಾತ್ರದ ಒಳಗಿನಿಂದಲೇ ಬಂದಂಥವು. ಸಮುದ್ರ ಹಾರಬಲ್ಲ ಹನುಮಂತನಿಗೆ ತನ್ನ ಬಲ ತನಗೇ ನೆನಪಿರುವುದಿಲ್ಲ. ಚಿಕ್ಕಂದಿನ ತುಂಟತನಕ್ಕೆ ಋಷಿಗಳು ಕೊಟ್ಟ ಶಾಪ ಅದು, ಜಾಂಬವಂತ ನೆನಪಿಸಬೇಕು. ಭಸ್ಮಾಸುರನ ವರವೇ ಅವನ ತಲೆಯ ಮೇಲಿನ ಕೈ. ರಾವಣ ವರ ಕೇಳುವಾಗ ಮನುಷ್ಯರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಆ ತಾತ್ಸಾರವೇ ಅವನ ಸ್ವಭಾವ, ಅದೇ ಅವನ ಸಾವು. ಅಶ್ವತ್ಥಾಮನಿಗೆ ಬ್ರಹ್ಮಶಿರವನ್ನು ಬಿಡಲು ಬರುತ್ತದೆ, ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಅರ್ಜುನ ತೆಗೆದುಕೊಳ್ಳಬಲ್ಲ. ಅಸ್ತ್ರ ಒಂದೇ, ಮನಸ್ಸು ಬೇರೆ. ನನ್ನ ಮಟ್ಟಿಗೆ ಇಡೀ ಮಹಾಭಾರತದಲ್ಲಿ ನಿನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪಾಠ ಇಲ್ಲ.

• ಬಲಶಾಲಿಯಾದವನನ್ನು ಬಲ ಉಪಯೋಗಕ್ಕೆ ಬಾರದ ಜಾಗದಲ್ಲಿ ನಿಲ್ಲಿಸು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಉಲ್ಹಾಸ್ ನದಿ ಕಲ್ಯಾಣ್, ಬದ್ಲಾಪುರದ ಕಡೆಯ ಮನೆಗಳಿಗೆ ನುಗ್ಗಿತು. ನಾನು ಆ ರಾತ್ರಿ ಥಾಣೆ ಸ್ಟೇಷನ್ನಿನಲ್ಲಿದ್ದೆ. ಫೋನಿಲ್ಲ, ರೈಲಿಲ್ಲ, ನಿನ್ನ ದೊಡ್ಡಮ್ಮ ಮನೆಯಲ್ಲಿ ಒಬ್ಬಳೇ. ನಿನ್ನ ನಾಯಕ ಆ ದಿನ ಇದ್ದಿದ್ದರೆ ಎಷ್ಟು ಜನರನ್ನು ಎತ್ತಬಲ್ಲ? ಸಾವಿರ ಎನ್ನು. ಉಳಿದವರ ಕೂಗು ಅವನ ಕಿವಿಗೆ ಬೀಳುತ್ತಿರುತ್ತದೆಯಲ್ಲ, ಆಗ ಅವನ ಮನಸ್ಸು ಏನಾಗುತ್ತದೆ? ಇದನ್ನು ಎಂಟು ಪುಟ ಬರೆದು ನೋಡು, ಅಚ್ಚು ಹಾಕಿಸಬೇಡ. ಅವನು ಯಾರೆಂದು ನಿನಗೆ ತಿಳಿಯುತ್ತದೆ.

• ಮನಸ್ಸು ಒಡೆಯುವ ಮೊದಲು ಸಣ್ಣ ಗುರುತುಗಳು ಕಾಣುತ್ತವೆ. ನಾವು ಮೊದಲು ಇದ್ದ ಚಾಳಿನಲ್ಲಿ ಒಬ್ಬರಿದ್ದರು, ವರ್ಷಗಟ್ಟಲೆ ಮದ್ದು ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ದಿನಗಳೇ ಹೆಚ್ಚು. ಕೆಲಸಕ್ಕೆ ಹೋಗುತ್ತಿದ್ದರು, ಸಂಜೆ ನಮ್ಮ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಕೆಟ್ಟ ದಿನ ಬರುವ ವಾರ ಮೊದಲೇ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ನೋಡಿ ಬರುತ್ತಿದ್ದರು, ಊಟದ ತಟ್ಟೆಯನ್ನು ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದರು. ಅವರ ಹೆಂಡತಿಗೆ ಅಷ್ಟು ಸಾಕಾಗುತ್ತಿತ್ತು, ಆಸ್ಪತ್ರೆಗೆ ಹೋಗಲು ಚೀಲ ಸಿದ್ಧಮಾಡುತ್ತಿದ್ದರು. ನಿನ್ನ ನಾಯಕನಿಗೂ ಅಂಥ ಎರಡು ಗುರುತು ಕೊಡು. ಮೊದಲ ಸಂಚಿಕೆಯಿಂದಲೇ ಹಿನ್ನೆಲೆಯ ಚೌಕಗಳಲ್ಲಿ ಇರಲಿ, ಅದರ ಮೇಲೆ ಒಂದು ಮಾತೂ ಬೇಡ. ನಾಲ್ಕನೆಯ ಸಂಚಿಕೆಯ ಹೊತ್ತಿಗೆ ಓದುಗ ತಾನಾಗಿ ಚೀಲ ಸಿದ್ಧಮಾಡುತ್ತಾನೆ.

• ಎಲ್ಲ ಪುಟದಲ್ಲೂ ಅವನು ಕಿರುಚಬಾರದು. ನಾನು ಮೊದಲ ಸಲ ಅಶ್ವತ್ಥಾಮನ ಅರ್ಥ ಹೇಳಿದಾಗ ಕೂತಲ್ಲಿಂದಲೇ ಅಬ್ಬರಿಸಿದೆ. ಬ್ರಹ್ಮಾಸ್ತ್ರದ ಪದ್ಯ ಬರುವ ಹೊತ್ತಿಗೆ ಗಂಟಲು ಬಿದ್ದುಹೋಗಿತ್ತು. ಮೇಲೇರಲು ಜಾಗ ಉಳಿಸಿಕೋ.

• ಡೊಂಬಿವಲಿಯಲ್ಲೇ ನಿನಗೆ ಒಂದು ಮಾದರಿ ಉಂಟು. 2005ರ ಮರಾಠಿ ಸಿನಿಮಾ 'ಡೊಂಬಿವಲಿ ಫಾಸ್ಟ್', ನಿಶಿಕಾಂತ್ ಕಾಮತ್ ಅವರದು. ಅದರ ಮಾಧವ ಆಪ್ಟೆಗೆ ಯಾವ ದಿವ್ಯಶಕ್ತಿಯೂ ಇಲ್ಲ, ಬ್ಯಾಂಕಿನ ನೌಕರ, ಕೈಗೆ ಬರುವುದು ಒಂದು ಕ್ರಿಕೆಟ್ ಬ್ಯಾಟು. ಆದರೂ ಅವನು ತಿರುಗಿಬಿದ್ದಾಗ ನಂಬುತ್ತೇವೆ, ಯಾಕೆಂದರೆ ಅದಕ್ಕೂ ಮೊದಲು ಅವನ ದಿನಚರಿಯನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ಅದೇ ಬೆಳಗು, ಅದೇ ರೈಲು, ಅದೇ ಜನಜಂಗುಳಿ. ನಿಯಮ ಮೀರದೆ ಬದುಕಿದವನು ಇನ್ನೊಬ್ಬರು ನಿಯಮ ಮೀರುವುದನ್ನು ತಡೆಯಲಾರ. ಒಡೆದ ಮೇಲೂ ಅವನು ನೇಮದ ಮನುಷ್ಯನೇ, ಅವನ ಸಿಟ್ಟಿಗೂ ಒಂದು ನೇಮ ಇದೆ. ರಾಜ್ ಕಾಮಿಕ್ಸ್‌ನ ಡೋಗಾನನ್ನೂ ಓದು. ಮುಂಬಯಿಯವನೇ, ಕಸದ ರಾಶಿಯಲ್ಲಿ ಸಿಕ್ಕ ಶಿಶು, ಡಕಾಯಿತನ ಕೈಯಲ್ಲಿ ಬೆಳೆದವನು, ನಾಯಿಯ ಮುಖವಾಡ. ಅವನ ಕ್ರೌರ್ಯಕ್ಕೆ ಆ ಬಾಲ್ಯವೇ ಬೇರು.

• ಮಾಡಿದ್ದಕ್ಕೆ ಲೆಕ್ಕ ಇರಲಿ. 1980ರಲ್ಲಿ ಕ್ರಿಸ್ ಕ್ಲೇರ್ಮಾಂಟ್, ಜಾನ್ ಬರ್ನ್ ಸೇರಿ ಬರೆದ ಎಕ್ಸ್-ಮೆನ್ ಕತೆಯಲ್ಲಿ ಜೀನ್ ಗ್ರೇ ಡಾರ್ಕ್ ಫೀನಿಕ್ಸ್ ಆಗಿ ಒಂದು ನಕ್ಷತ್ರವನ್ನೇ ನುಂಗುತ್ತಾಳೆ, ಅದರ ಸುತ್ತ ಸುತ್ತುತ್ತಿದ್ದ ಗ್ರಹದ ಕೋಟ್ಯಂತರ ಜೀವಗಳು ಸಾಯುತ್ತವೆ. ಅವಳ ಶಕ್ತಿಯನ್ನು ಕಿತ್ತು ಮನೆಗೆ ಕಳಿಸುವ ಯೋಚನೆ ಲೇಖಕರದಾಗಿತ್ತು. ಅಷ್ಟು ಜೀವ ತೆಗೆದವಳು ಹಾಗೆ ಮನೆಗೆ ಹೋಗುವಂತಿಲ್ಲ ಎಂದು ಸಂಪಾದಕ ಜಿಮ್ ಶೂಟರ್ ಪಟ್ಟುಹಿಡಿದರು, ಕೊನೆ ಬದಲಾಗಿ ಅವಳು ಸತ್ತಳು. ಇಷ್ಟು ಕಾಲದ ಮೇಲೂ ಆ ಕತೆಯನ್ನು ಓದುವುದು ಆ ಕೊನೆಯಿಂದಾಗಿ. ನಿನ್ನವನು ನಾಲ್ಕನೆಯ ಸಂಚಿಕೆಯಲ್ಲಿ ವಾಶಿಯ ಖಾಡಿ ಸೇತುವೆಯ ಒಂದು ಕಂಬ ಮುರಿದಿದ್ದಾನೆ. ಐದನೆಯದರಲ್ಲಿ ಜನ ಅದೇ ಸೇತುವೆಯ ಮೇಲೆ ಏನೂ ಆಗದಂತೆ ಹೋಗುತ್ತಿದ್ದಾರೆ. ಕಂಬ ಮುರಿದೇ ಇರಲಿ. ಇನ್ನು ಹತ್ತು ಸಂಚಿಕೆ ಜನ ಐರೋಲಿ ಸುತ್ತಿ ಬರಲಿ, ಅವನು ಅದನ್ನು ದಿನಾ ನೋಡಲಿ.

• ಅಮೆರಿಕದವರದೇ ಇನ್ನೊಬ್ಬ ನಾಯಕ ಸೆಂಟ್ರಿಯ ಕತೆಯಿಂದ ಎಚ್ಚರಿಕೆ ಕಲಿ. 2000ದಲ್ಲಿ ಪಾಲ್ ಜೆಂಕಿನ್ಸ್, ಜೇ ಲೀ ತಂದ ಮೊದಲ ಕತೆ ಅಪರೂಪದ್ದು. ಲೋಕವೇ ಮರೆತುಹೋದ ಮಹಾಬಲಶಾಲಿ, ಅವನ ಪರಮವೈರಿ ಅವನೊಳಗೇ ಇದ್ದಾನೆ. ಎಷ್ಟು ಒಳ್ಳೆಯದು ಮಾಡಿದರೆ ಅಷ್ಟೇ ಕೆಟ್ಟದ್ದು ಆ ವೈರಿಯಿಂದ ಆಗುತ್ತದೆ. ಇದು ನಿಯಮ, ತಕ್ಕಡಿಯ ಹಾಗೆ. ಆಮೇಲೆ ದೊಡ್ಡ ತಂಡದ ಕತೆಗಳಿಗೆ ಅವನನ್ನು ಎಳೆದು ತಂದಾಗ, ಗೆಲ್ಲಬೇಕಾದ ಕಡೆ ಬಲ, ಅವನು ಅಡ್ಡ ಬರುವ ಕಡೆ ರೋಗ ಎಂಬಂತಾಯಿತು ಎಂದೇ ನನಗೆ ಅನಿಸಿದ್ದು. 2010ರಲ್ಲಿ ಅವನನ್ನು ಕೊಂದರು, ಆಮೇಲೆ ಬೇರೆಯವರು ಮತ್ತೆ ಎಬ್ಬಿಸಿದರು. ಕಾಯಿಲೆಯನ್ನು ಕತೆಗೆ ಬೇಕಾದಾಗ ಹಾಕಿ ತೆಗೆಯುವ ಸ್ವಿಚ್ಚು ಮಾಡಿಕೊಂಡರೆ ಪಾತ್ರ ಅಲ್ಲೇ ಸಾಯುತ್ತದೆ.

• ಈಗ ಹೇಳುವುದನ್ನು ಗಮನ ಕೊಟ್ಟು ಓದು. ಎರಡನೆಯ ಸಂಚಿಕೆಯಲ್ಲಿ ಒಬ್ಬ ಹವಾಲ್ದಾರ ಇವನನ್ನು 'ಠಾಣ್ಯಾಲಾ ಪಾಠವಾ', ಥಾಣೆಗೆ ಕಳಿಸಿ, ಅನ್ನುತ್ತಾನೆ. ಈ ಊರಿನಲ್ಲಿ ಆ ಮಾತು ಎಲ್ಲರ ಬಾಯಲ್ಲೂ ಇದೆ, ಥಾಣೆಯ ಮನೋರುಗ್ಣಾಲಯ 1901ರಿಂದ ಇಲ್ಲಿರುವುದರಿಂದ. ನಮ್ಮ ಉತ್ತರ ಕರ್ನಾಟಕದವರು ಅದನ್ನೇ 'ಧಾರವಾಡಕ್ಕೆ ಕಳಿಸು' ಅನ್ನುತ್ತಾರೆ. ಹವಾಲ್ದಾರ ಹೇಳಲಿ, ಲೋಕ ಹಾಗೇ ಮಾತಾಡುತ್ತದೆ. ಆದರೆ ಮುಂದಿನ ಚೌಕದಲ್ಲಿ ನೀನು ಸುತ್ತಲಿನ ಜನ ನಗುವುದನ್ನು ಬಿಡಿಸಿದ್ದೀಯ, ಓದುಗನೂ ನಗುವಂತೆ. ಅಲ್ಲಿ ನಾಯಕನ ಮುಖ ಬಿಡಿಸು. ನಮ್ಮ ಚಾಳಿನ ಆ ಮನುಷ್ಯರಿಗೆ ಮಕ್ಕಳು ಅದೇ ಮಾತು ಕೂಗಿದ್ದನ್ನು ನಾನು ಕಂಡಿದ್ದೇನೆ, ಅವರು ತಲೆತಗ್ಗಿಸಿ ಮೆಟ್ಟಿಲು ಹತ್ತಿದ್ದನ್ನೂ ಕಂಡಿದ್ದೇನೆ. ಕಾಯಿಲೆಯವರೆಲ್ಲ ಅಪಾಯಕಾರಿಗಳು ಎಂಬ ಸುಳ್ಳನ್ನು ನಿನ್ನ ಪುಸ್ತಕ ಬೆಳೆಸಬಾರದು. ನಿನ್ನವನು ಅಪಾಯಕಾರಿ ಆಗುವುದು ಅವನ ಬಲದಿಂದ. ಅದೇ ನೋವು ಇದ್ದೂ ಬಲವಿಲ್ಲದ ಒಬ್ಬರನ್ನು ಕತೆಯಲ್ಲಿ ತಾ, ಶಾಂತವಾಗಿ ಬದುಕುತ್ತಿರುವವರನ್ನು. ಅವನ ಅಕ್ಕನಾದರೂ ಆಗಲಿ, ಪಕ್ಕದ ಮನೆಯ ಟೀಚರಾದರೂ ಆಗಲಿ.

• ಕಾಯಿಲೆಯವರನ್ನು ಹೇಗೆ ಬರೆಯಬೇಕೆಂದು ತಿಳಿಯಲು ತ್ರಿವೇಣಿಯವರ 'ಶರಪಂಜರ' ಓದು. ಸಿನಿಮಾ ನೋಡಿದ್ದೇನೆ ಅನ್ನಬೇಡ, ಕಾದಂಬರಿ ಓದು. ಕಾವೇರಿ ಕಾಯಿಲೆ ಬಿದ್ದದ್ದು ಒಂದು ಕತೆ, ಗುಣವಾಗಿ ಮನೆಗೆ ಬಂದ ಮೇಲೆ ಮನೆಯವರು ಅವಳ ಪ್ರತಿ ನಗು, ಪ್ರತಿ ಮೌನವನ್ನು ಅನುಮಾನದಿಂದ ನೋಡಿದ್ದು ಇನ್ನೊಂದು ಕತೆ. ಸೂಪರ್‌ಹೀರೋ ಕತೆಗಳಲ್ಲಿ ಈ ಎರಡನೆಯ ಭಾಗ ಬರುವುದು ಅಪರೂಪ. ಗುಣವಾದವನನ್ನು ಜನ ಹೇಗೆ ನೋಡುತ್ತಾರೆ, ಅದೂ ಸೇತುವೆ ಮುರಿದವನನ್ನು?

• ರೋಗಕ್ಕೆ ಹೆಸರು ಕೊಡುವುದಾದರೆ ವೈದ್ಯರ ಹತ್ತಿರ ಹೋಗಿ ಕೇಳಿ ಕೊಡು. ಕೊಡದಿದ್ದರೂ ಆಗುತ್ತದೆ. ಕೊಟ್ಟ ಮೇಲೆ ಲಕ್ಷಣಗಳು ಆ ಹೆಸರಿಗೆ ಹೊಂದಬೇಕು. ಒಳಗೊಂದು ಧ್ವನಿ ಕೇಳುವುದು ಬೇರೆ, ಒಬ್ಬನೊಳಗೆ ಇಬ್ಬರು ಇರುವುದು ಬೇರೆ. ಎರಡನ್ನೂ ನೀನು ಒಂದೇ ಹೆಸರಲ್ಲಿ ಕರೆದಿದ್ದೀಯ. ಪುಸ್ತಕದ ಕೊನೆಯ ಪುಟದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಅಚ್ಚು ಹಾಕಿಸು. ಸರಕಾರದ್ದು, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ. ಓದುವ ಹುಡುಗರಲ್ಲಿ ಯಾರಿಗೆ ಬೇಕಾಗುತ್ತದೋ.

• ದೈವಗಳನ್ನು ಈ ಕತೆಗೆ ಎಳೆಯಬೇಡ. ಮೈಮೇಲೆ ಬರುವುದನ್ನು ಕಾಯಿಲೆಯ ಜೊತೆ ಬೆರೆಸಿದರೆ ಊರಿನವರ ನಂಬಿಕೆಗೂ ನೋವು, ಕಾಯಿಲೆಯವರಿಗೂ ಅನ್ಯಾಯ.

• ಎಂ.ಐ.ಡಿ.ಸಿ.ಯ ಕಾರ್ಖಾನೆ ಸ್ಫೋಟದಲ್ಲಿ ಅವನಿಗೆ ಶಕ್ತಿ ಬಂತು ಎಂದು ಬರೆದದ್ದನ್ನು ತೆಗೆ. 2016ರ ಮೇ ತಿಂಗಳಲ್ಲಿ ಅಲ್ಲಿ ನಿಜವಾಗಿಯೇ ಸ್ಫೋಟವಾದ ದಿನ ನಮ್ಮ ಕಿಟಕಿ ಗಾಜು ಅದುರಿದ್ದು ನೆನಪಿದೆ. ಅಲ್ಲಿ ಜನ ಸತ್ತಿದ್ದಾರೆ, ಅವರ ಮನೆಯವರು ಇದೇ ಊರಿನಲ್ಲಿ ಇದ್ದಾರೆ.

• ಅವನ ತಲೆಯೊಳಗಿನ ಧ್ವನಿ ಯಾವ ಭಾಷೆಯದು? ನಾವು ಇಲ್ಲಿಯವರು ರೈಲಿನಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ, ಸಂಘದಲ್ಲಿ ಕನ್ನಡ, ಅಡುಗೆಮನೆಯಲ್ಲಿ ತುಳು. ಕನಸಿನಲ್ಲಿ ಮಾತಾಡುವುದು ಕೊನೆಯದರಲ್ಲಿ. ತಮ್ಮನ ಧ್ವನಿ ತುಳುವಿನಲ್ಲೇ ಬರಲಿ, ಅಕ್ಷರದ ಬರೆವಣಿಗೆಯೇ ಬೇರೆ ಇರಲಿ, ಮೊದಲ ಸಂಚಿಕೆಯಿಂದ ಕೊನೆಯವರೆಗೆ ಒಂದೇ ಥರ. ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ ಅಂತ ಕೇಳಿದೆಯಲ್ಲ, ಅಮರ ಚಿತ್ರ ಕಥಾ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ. ಅದನ್ನು ಮುಂಬಯಿಯಲ್ಲಿ ಕೂತು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು.

• ಐದನೆಯ ಸಂಚಿಕೆಯ ಹಗ್ಗದ ಪುಟವನ್ನು ಹರಿಯಬೇಡ. ಎರಡು ದಿನ ಅದನ್ನೇ ಯೋಚಿಸಿದೆ. ಆ ನಾಲ್ವರಲ್ಲಿ ಒಬ್ಬ ಹುಡುಗನಿಗೆ ಹದಿನಾರು ವರ್ಷ ಮಾಡು, ತಮ್ಮ ತೀರಿಹೋದ ವಯಸ್ಸು. ಹಗ್ಗ ಎಳೆಯುವಾಗ ಅವನ ಕೈ ನಡುಗಲಿ, ಭಯಕ್ಕೆ ಬಾಯಿಂದ ತುಳುವಿನಲ್ಲಿ 'ಅಣ್ಣಾ' ಎಂದು ಬರಲಿ. ನಾಯಕ ಕೈ ಎತ್ತುವುದಿಲ್ಲ. ಡಬ್ಬಿ ಎತ್ತಿದ ಅದೇ ಕೈ. ಒಳಗಿನ ಧ್ವನಿ ಆ ಸಂಚಿಕೆಯಲ್ಲಿ ಯಾಕೆ ಇರಲಿಲ್ಲ ಎಂಬುದೂ ಆಗ ಸರಿಹೋಗುತ್ತದೆ, ಅದು ಹೊರಗಿನಿಂದ ಕೇಳಿಸಿತು. ಶನಿವಾರ ಸಂಜೆಯ ಗಾಡಿಗೆ ಬಾ, ಆ ಒಂದು ಪುಟ ಪೆನ್ಸಿಲಿನಲ್ಲಿ ಬಿಡಿಸಿಕೊಂಡು ಬಂದರೆ ಸಾಕು. ದೊಡ್ಡಮ್ಮ ನೀರುದೋಸೆಗೆ ಅಕ್ಕಿ ನೆನೆಹಾಕುತ್ತಾಳಂತೆ.